ಅರ್ಧಕ್ಕೆ ಇಳಿಸಿದ ನೀರು

ಸವಣೂರಿನ ಹೊರಗೆ ನಮ್ಮ ಎಲೆತೋಟದಲ್ಲೇ ಮನೆ. ಹಿಂದೆ ದನದ ಕೊಟ್ಟಿಗೆ, ಅದಕ್ಕೆ ಹತ್ತಿದಂತೆ ತಿಪ್ಪೆಗುಂಡಿ, ಗುಂಡಿಯ ಮಗ್ಗುಲಲ್ಲೇ ಬಾವಿ. ಎಲ್ಲವೂ ಕೈಗೆಟುಕಲೆಂದು ಹಿರಿಯರು ಹಾಗೆ ಮಾಡಿಕೊಂಡಿದ್ದರು. ವೀಳ್ಯದ ಬಳ್ಳಿಗೆ ಎಷ್ಟು ಹಾಕಿದರೂ ಸಾಲದು ಎಂಬುದು ಅಪ್ಪನ ನಂಬಿಕೆ. ಸಗಣಿಗೊಬ್ಬರ, ಹಿಂಡಿ, ಈಚೆಗೆ ಯೂರಿಯಾ.

ಎಲೆ ಒಯ್ಯಲು ಬರುವ ವ್ಯಾಪಾರಿ ಕೀಟಲೆ ಮಾಡುತ್ತಿದ್ದ. "ಬಾವ್ಯಾಗ ಯೂರಿಯಾ ಚೀಲ ಸುರದೀರೇನ್ರಿ, ಎಲಿ ಹಿಂಗ ಕರ್ರಗ ಬಂದಾವು?"

"ನಮ್ಮ ನೀರಿನ ಗುಣ ಅದು. ನೀವು ಹೊಟ್ಟಿ ಉರ್ಕೋಬ್ಯಾಡ್ರಿ" ಎನ್ನುತ್ತಿದ್ದ ಅಪ್ಪ.

ತಂಗಿ ಚೊಚ್ಚಲ ಹೆರಿಗೆಗೆ ಹಂಸಭಾವಿಯಿಂದ ತವರಿಗೆ ಬಂದಾಗ ಮಳೆ ಬಿಡದೆ ಹಿಡಿದಿತ್ತು. ಹೆಣ್ಣು ಕೂಸು. ಎದೆಹಾಲು ಸಾಲದ್ದರಿಂದ ಹಾಲಿನ ಪುಡಿ ಕಲಸಿ ಕುಡಿಸಬೇಕಾಯಿತು. ಬಾಣಂತಿಗೂ ಕೂಸಿಗೂ ಕೊಡುವ ನೀರು ಕುದಿದು ಅರ್ಧಕ್ಕೆ ಇಳಿದಿರಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅವ್ವ ಅದನ್ನು ಒಂದು ಹೊತ್ತೂ ತಪ್ಪಿಸಲಿಲ್ಲ.

ಕೂಸಿನ ತುಟಿ, ಉಗುರುಗಳಿಗೆ ಬೂದುನೀಲಿ ಬಣ್ಣ ಬಂದಾಗ ಅವ್ವ ಥಂಡಿ ಎಂದುಕೊಂಡಳು. ಬಜೆ ತೇಯ್ದು ಹಚ್ಚಿದಳು, ಕುಲಾಯಿ ಕಟ್ಟಿದಳು. ಬಣ್ಣ ಹೋಗದಿದ್ದಾಗ ನೀರಿನ ಪಾತ್ರೆಯನ್ನು ಮತ್ತಷ್ಟು ಹೊತ್ತು ಒಲೆಯ ಮೇಲೆ ಬಿಟ್ಟಳು.

"ಕಾಲುಭಾಗಕ್ಕ ಇಳಿಸೇನಿ. ಇನ್ನ ನಂಜು ಅಂಬೂದು ಉಳಿಯಾಂಗಿಲ್ಲ" ಎಂದಳು.

ಕೂಸು ಅಳುವುದನ್ನೂ ಬಿಟ್ಟಾಗ ಹುಬ್ಬಳ್ಳಿಗೆ ಓಡಿದೆವು. ಸೂಜಿಗೆ ಬಂದ ರಕ್ತ ಕೆಂಪಾಗಿರಲಿಲ್ಲ, ಹಾಲಿಲ್ಲದ ಚಹಾದಂತಿತ್ತು. ವೈದ್ಯರು ನನ್ನನ್ನೂ ತಂಗಿಯನ್ನೂ ಒಳಗೆ ಕರೆದು, ಯಾವ ನೀರು ಎಂದು ಕೇಳಿದರು. ನಮ್ಮ ಬಾವಿಯದು ಎಂದಳು ತಂಗಿ. ಕುದಿಸಿದ್ದನ್ನೂ ಹೇಳಿದಳು.

ವೈದ್ಯರು ವಿವರಿಸಿದರು. ಬಳ್ಳಿ ತನಗೆ ಬೇಕಾದಷ್ಟು ಗೊಬ್ಬರ ಹೀರುತ್ತದೆ. ಉಳಿದದ್ದು ಮಣ್ಣಿನಲ್ಲಿ ನೈಟ್ರೇಟ್ ಎಂಬ ಉಪ್ಪಾಗಿ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ತಿಪ್ಪೆಯ ರಸವೂ ಅದೇ ದಾರಿ ಹಿಡಿಯುತ್ತದೆ. ಬಾವಿ ಸೇರಿದ ಉಪ್ಪನ್ನು ನಾವು ಎತ್ತಿ ಮತ್ತೆ ತೋಟಕ್ಕೆ ಬಿಡುತ್ತೇವೆ, ಮೇಲೆ ಹೊಸ ಗೊಬ್ಬರ ಹಾಕುತ್ತೇವೆ, ಮತ್ತೆ ಮಳೆ ಬರುತ್ತದೆ. ದೊಡ್ಡವರ ದೇಹ ಅದನ್ನು ತಡೆದುಕೊಳ್ಳುತ್ತದೆ. ಎಳೆಗೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಹೋಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೀರು ಆವಿಯಾಗುತ್ತದೆ. ಉಪ್ಪು ಎಲ್ಲಿಗೂ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ.

ಇದಕ್ಕೆ ಔಷಧ ಇತ್ತು. ಕೊಟ್ಟರು. ನಾವು ತಡವಾಗಿ ಬಂದಿದ್ದೆವು. ಬೆಳಗಾಗುವುದರೊಳಗೆ ಕೂಸು ತೀರಿಕೊಂಡಿತು.

ಅವ್ವ ಹೊರಗೆ ಬೆಂಚಿನ ಮೇಲೆ ಥರ್ಮಾಸ್ ಹಿಡಿದು ಕುಳಿತಿದ್ದಳು. ತಂಗಿ ಬಾಗಿಲಲ್ಲೇ ನನ್ನ ತೋಳು ಹಿಡಿದಳು.

"ಅಣ್ಣಾ, ಅವ್ವಗ ಹೇಳಬ್ಯಾಡ. ಕೂಸಿನ ಎದಿಯಾಗ ತೂತಿತ್ತು ಅನ್ನೂಣು. ಇದನ್ನ ಕೇಳಿದ್ರ ಆಕಿ ಉಳಿಯಾಂಗಿಲ್ಲ."

ನಾನು ಒಪ್ಪಿದೆ. ಮಣ್ಣು ಮಾಡಿ ಬರುವವರೆಗೂ ಆ ಮಾತಿಗೆ ಬದ್ಧನಾಗಿದ್ದೆ. ಮರುದಿನ ಪಕ್ಕದ ತೋಟದ ಗಂಡಸು ಕೊಡ ಹಿಡಿದು ಬಾವಿಗೆ ಬಂದ. ಅವರ ಮನೆಯಲ್ಲೂ ಸೊಸೆ ಬಾಣಂತಿ, ಅವರೂ ನಮ್ಮ ನೀರೇ ಒಯ್ಯುತ್ತಿದ್ದರು. ನಾನು ಅವನನ್ನು ತಡೆದೆ. ಯಾಕೆಂದು ಕೇಳಿದ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾವಿಗೂ ಕೂಸಿಗೂ ಸಂಬಂಧವಿಲ್ಲ ಎಂದು ಹೇಳುತ್ತಲೇ ಬಾವಿಯನ್ನು ಮುಚ್ಚಿಸುವ ದಾರಿ ನನಗೆ ಹೊಳೆಯಲಿಲ್ಲ. ಇಬ್ಬರ ಎದುರಿಗೂ ಎಲ್ಲವನ್ನೂ ಹೇಳಿದೆ, ಕುದಿಸಿದ್ದನ್ನೂ ಸೇರಿಸಿ.

ಅವ್ವ ಚಪ್ಪಲಿ ಮೆಟ್ಟದೆ ಪಕ್ಕದ ತೋಟದ ಮನೆಗೆ ನಡೆದಳು, ನಾನು ಹಿಂದೆಯೇ ಹೋದೆ. ಅಲ್ಲಿ ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು.

"ನಮ್ಮ ಬಾವಿ ನೀರು ಕೂಸಿಗೆ ಕೊಡಬ್ಯಾಡವಾ. ಕುದಿಸಿದ್ದಂತೂ ಬ್ಯಾಡ" ಎಂದಳು.

ಬಾಣಂತಿಯ ಅತ್ತೆ ಅನುಮಾನದಿಂದ ನೋಡಿದಳು. "ನೀವ ಅಲ್ರಿ ಹೇಳಿಕೊಟ್ಟಾವ್ರು ಅರ್ಧಕ್ಕಿಳಿಸಂತ? ಕುದಿಸಿದ ನೀರು ಹೆಂಗ ಕೆಡತೈತ್ರಿ ಅಕ್ಕಾರ?"

ಅವ್ವ ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿ, ಅಂಗಳಕ್ಕೆ ಒಯ್ದು ಚೆಲ್ಲಿದಳು.