ಮದುವೆ ಹಂಡೆಗೆ ಯಾರ ಹೆಸರು?

ಗೆಳೆಯರೇ, ಇವತ್ತು ಶಿರಾಳಕೊಪ್ಪದ ಪಾತ್ರೆ ಅಂಗಡಿಯಲ್ಲಿ ಒಂದು ಜಗಳ ನೋಡಿದೆ. ಇನ್ನೂ ತಲೆಯಿಂದ ಇಳಿದಿಲ್ಲ.

ಗೃಹಪ್ರವೇಶದ ಉಡುಗೊರೆಗೆಂದು ಕೊಂಡ ಸ್ಟೀಲ್ ಡಬ್ಬಿಗೆ ಹೆಸರು ಕೆತ್ತಿಸಲು ನಾನೂ ನನ್ನ ಹೆಂಡತಿಯೂ ಕಾಯುತ್ತಿದ್ದೆವು. ಆ ಅಂಗಡಿಯ ಮನೆಯವರು ತಮ್ಮ ಅಜ್ಜಿಯ ಹೆಸರಿನಲ್ಲಿ ಸಹಾಯನಿಧಿಯೊಂದನ್ನು ನಡೆಸುತ್ತಾರೆ. ಕೈಲಾಗದವರ ಮನೆ ಮದುವೆಗೆ ಅಡುಗೆ ಪಾತ್ರೆಗಳನ್ನು ಬಾಡಿಗೆಯಿಲ್ಲದೆ ಕೊಡುವುದು ಅದರ ಕೆಲಸ. ಇವತ್ತು ನಿಧಿಗೆ ಹೊಸ ಹಂಡೆಗಳು ಬಂದಿದ್ದವು. ಕಿರಿಯ ಯಜಮಾನರು ಕೆತ್ತುವ ಮಷಿನ್ ಹಿಡಿದು, ಹಂಡೆಯ ಹೊಟ್ಟೆಯ ಮೇಲೆ ದಪ್ಪ ಅಕ್ಷರದಲ್ಲಿ ನಿಧಿಯ ಹೆಸರು ಬರೆಯಲು ಕೂತರು. ಗಲ್ಲಾದಲ್ಲಿದ್ದ ಅವರ ಅತ್ತಿಗೆ ಎದ್ದು ಬಂದವರೇ ಮಷಿನ್ನಿನ ವೈರು ಕಿತ್ತರು.

"ಉಣ್ಣಕ್ಕೆ ಬಂದ ಬೀಗರು ನಮ್ಮ ಹೆಸರು ಓದಬೇಕೇನಪ್ಪ? ಹುಡುಗಿ ಅಪ್ಪನ ಮಾನ ಏನಾಗ್ಬೇಕು?"

"ಹೆಸರಿಲ್ಲಾಂದ್ರೆ ಬೇರೆಯೋರ ಹಂಡೆ ಜೊತೆ ಸೇರಿ ಹೋಗ್ತದೆ ಅತ್ತಿಗೆ."

"ಹಂಗಾದ್ರೆ ಬುಡಕ್ಕೆ ಹಾಕು."

"ಬುಡಕ್ಕೆ ಮಸಿ ಹಿಡೀತದಲ್ಲ!"

"ಹಿಡೀಲಿ ಬಿಡು. ಊಟ ಮುಗಿಯೋ ತನಕ ಮಸಿ ಮುಚ್ಚಿಟ್ಟಿರ್ತದೆ. ಆಮೇಲೆ ತೊಳೆಯೋರಿಗೆ ಕಂಡ್ರೆ ಸಾಕು, ಹಂಡೆ ಮನೆಗೆ ಬರ್ತದೆ."

ಕಿರಿಯ ಯಜಮಾನರು ವೈರು ಮತ್ತೆ ಸಿಕ್ಕಿಸಿ, ಹಂಡೆಯನ್ನು ಬೋರಲು ಹಾಕಿದರು. ನನಗೆ ಆ ತಾಯಿಗೆ ಕೈ ಮುಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ನಮ್ಮ ಸರದಿ ಬಂತು. "ಸಾರ್, ನಿಮ್ಮದು ಎಲ್ಲಿ ಹಾಕ್ಲಿ?"

"ನಮ್ಮದೂ ಬುಡಕ್ಕೇ ಹಾಕಿ," ಎಂದೆ ಗಂಭೀರವಾಗಿ.

ಹೆಂಡತಿ ಡಬ್ಬಿ ಕಿತ್ತುಕೊಂಡಳು. "ಆ ದೊಡ್ಡತನ ಹಂಡೆ ಕೊಟ್ಟೋರಿಗಿರಲಿ ರೀ. ನಾವು ಕೊಡ್ತಿರೋದು ಸಕ್ಕರೆ ಡಬ್ಬಿ. ಮುಚ್ಚಳದ ಮೇಲೆ ಹಾಕಿಸ್ರೀ, ಎದ್ದು ಕಾಣೋ ಹಂಗೆ!"