ಅರಳಿದ ಹೂವಿಗೆ ಗಿರಾಕಿ ಇಲ್ಲ

ನನ್ನ ನಾದಿನಿಯ ವಿಷಯ ಬರೆಯಬೇಕೆಂದರೆ ಅವಳ ಹಠದಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಅವಳದು ಉಡದ ಪಟ್ಟು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಅಡುಗೆಮನೆಯ ನಲ್ಲಿ ಸೋರತೊಡಗಿತು. ರಿಪೇರಿಯವನು ನಾಳೆ ಬರುತ್ತೇನೆ ಎಂದ. ಇವಳು ಸ್ಪ್ಯಾನರ್ ಹಿಡಿದು ಸಿಂಕಿನ ಕೆಳಗೆ ನುಗ್ಗಿದಳು. ಮನೆಯೆಲ್ಲ ನೀರೋ ನೀರು. ಅತ್ತೆ ಬೈದರು, ನಮ್ಮವರು ಬೈದರು, ನಾನು ಹೊಸಬಳಾದ್ದರಿಂದ ಮನಸ್ಸಿನಲ್ಲೇ ಬೈದೆ. ಸಂಜೆಯ ಹೊತ್ತಿಗೆ ನಲ್ಲಿ ನಿಂತಿತ್ತು. ಆಮೇಲೆ ಅದು ಸೋರಿದ್ದೇ ಇಲ್ಲ.

ಈಗ ಅವಳ ಕಸುಬು ವೆಬ್‌ಸೈಟ್ ಮಾಡಿಕೊಡುವುದು. ಹಲ್ಲಿನ ಡಾಕ್ಟರು, ಟೈರ್ ಅಂಗಡಿ, ಡ್ರೈವಿಂಗ್ ಸ್ಕೂಲು, ಹೀಗೆ ಯಾರು ಕರೆದರೆ ಅವರಿಗೆ. ಊರಾಚೆ ಅತ್ತೆಯ ತೋಟದ ಮನೆಯಲ್ಲಿ ಹಿಂದಿನ ಕೋಣೆಯೇ ಅವಳ ಆಫೀಸು. ಕಂಪ್ಯೂಟರಿನ ಒಂದು ಪಕ್ಕ ಪ್ರಿಂಟರು, ಇನ್ನೊಂದು ಪಕ್ಕ ಮರದ ಪುಡಿಯಲ್ಲಿ ಮುಚ್ಚಿಟ್ಟ ಲಿಲ್ಲಿ ಗೆಡ್ಡೆಗಳ ಟ್ರೇ. ಗೆಡ್ಡೆ ತೆಗೆದು ಬೇರೆ ಕಡೆ ಇಡು ಎಂದು ಅವಳು, ಕಂಪ್ಯೂಟರು ತೆಗೆದು ಬೇರೆ ಕಡೆ ಇಡು ಎಂದು ಅತ್ತೆ. ಎರಡೂ ಅಲ್ಲಿಂದ ಅಲುಗಲಿಲ್ಲ.

ನಾನು ಪೇಟೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದೇನೆ. ಬೊಕೆ ಕಟ್ಟುತ್ತೇನೆ. ಅತ್ತೆ ಹೂ ಬೆಳೆಯುವವರು, ಸೊಸೆ ಹೂ ಮಾರುವವಳು, ಇನ್ನೇನು ಕಷ್ಟ ಎಂದು ನೀವು ಕೇಳಬಹುದು. ಅತ್ತೆ ಸೊಸೆ ವ್ಯಾಪಾರ ಮಾಡಕೂಡದು ಎಂಬುದು ನಮ್ಮವರ ಕಟ್ಟಪ್ಪಣೆ. ನಾವಿಬ್ಬರೂ ಚೌಕಾಸಿಗೆ ಕೂತರೆ ಮನೆಗೆ ಬೆಂಕಿ ಬೀಳುತ್ತದೆ ಎಂದು ಅವರಿಗೆ ಗೊತ್ತು. ಅದಕ್ಕೇ ನನ್ನ ಹೂವು ದೂರದಿಂದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಅತ್ತೆಯ ಹೂವನ್ನು ಗೇಟಿನ ಮುಂದೆ ಕಾರು ನಿಲ್ಲಿಸಿದವರು ಆರಿಸಿ ಒಯ್ಯುತ್ತಿದ್ದರು.

ಹೊಸ ರಸ್ತೆ ಆಯಿತು ನೋಡಿ, ಕಾರುಗಳೆಲ್ಲ ಆ ಕಡೆ ತಿರುಗಿದವು. ಅತ್ತೆಯ ಗೇಟಿನ ಮುಂದೆ ನೊಣವೂ ಹಾರಲಿಲ್ಲ. ಲಿಲ್ಲಿ ಅರಳಿ ಗಿಡದಲ್ಲೇ ಬಾಡಿತು. ಒಂದು ದಿನ ಊಟದ ಮೇಜಿನಲ್ಲಿ ಅತ್ತೆ ಚಮಚ ಕೆಳಗಿಟ್ಟು ಹೇಳಿದರು, "ಬರೋ ಸಲದ ಹೂವೂ ಹೀಗೇ ಆದ್ರೆ ಟ್ರ್ಯಾಕ್ಟರ್ ಕರೆಸಿ ಗೆಡ್ಡೆ ಎಲ್ಲಾ ಕೀಳಿಸ್ತೀನಿ. ಆಲೂಗಡ್ಡೆ ಹಾಕೋರಿಗೆ ಜಾಗ ಕೊಟ್ಬಿಡ್ತೀನಿ." ಮಾವ ತೀರಿಕೊಂಡ ಮೇಲೆ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದ್ದು ಆ ತೋಟ. ಪಾತ್ರೆ ತೊಳೆಯುವಾಗ ನಾದಿನಿ ನನ್ನ ಹತ್ತಿರ ಹೇಳಿದಳು, "ತೋಟ ಹೋದ್ರೆ ಅಮ್ಮ ಉಳಿಯಲ್ಲ ಅತ್ತಿಗೆ. ಏನಾದ್ರೂ ಮಾಡ್ತೀನಿ."

ಅವಳು ಏನಾದರೂ ಮಾಡುತ್ತೇನೆ ಎಂದರೆ ನಮಗೆಲ್ಲ ಸಿಂಕಿನ ನೀರೇ ಕಣ್ಣಿಗೆ ಬರುವುದು.

ಸುತ್ತಮುತ್ತ ಹೂ ಬೆಳೆಯುವವರನ್ನೆಲ್ಲ ಕಂಡು ಬಂದಳು. ಪೇಟೆಯ ಹೂವಿನಂಗಡಿಗಳ ಮೆಟ್ಟಿಲು ಹತ್ತಿ ಇಳಿದಳು. ಬೆಳೆಗಾರರು ಬೆಳಿಗ್ಗೆ ಫೋನಿನಲ್ಲಿ ಹೂವಿನ ಫೋಟೊ ಹಾಕಬೇಕು, ಅಂಗಡಿಯವರು ನೋಡಿ 'ಬೇಕು' ಎಂಬ ಗುಂಡಿ ಒತ್ತಬೇಕು, ಮಧ್ಯಾಹ್ನದೊಳಗೆ ವ್ಯಾನು ಹೋಗಬೇಕು. ಇಷ್ಟೇ ಅವಳ ವೆಬ್‌ಸೈಟು. ನೋಡಲು ಚೆಂದವೋ ಚೆಂದ. ಪಕ್ಕದ ತೋಟದ ಮೀಸೆಯವರು ತಮ್ಮ ಗ್ಲಾಡಿಯೋಲಸ್ ಹೂವಿನ ಫೋಟೊವನ್ನು ಹಾಲು ಹಾಕುವವನನ್ನೂ ನಿಲ್ಲಿಸಿ ತೋರಿಸಿದರು.

ಆದರೆ ಗುಂಡಿ ಯಾರೂ ಒತ್ತಲಿಲ್ಲ. ಅಂಗಡಿಯವರು ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ನಾದಿನಿ ಗುಂಡಿಯ ಬಣ್ಣ ಬದಲಿಸಿದಳು, ಗಾತ್ರ ದೊಡ್ಡದು ಮಾಡಿದಳು. ಊಹೂಂ. ತೋಟದಲ್ಲಿ ಲಿಲ್ಲಿ ಸಾಲು ಸಾಲಾಗಿ ಬಲಿಯುತ್ತಿತ್ತು. ಅತ್ತೆ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ, ಈ ತಿಂಗಳು ಮುಗಿದ ಮೇಲೆ ಬಾ ಎಂದು ಹೇಳಿಯೂ ಆಗಿತ್ತು.

ಆಗ ಅವಳು ಲ್ಯಾಪ್‌ಟಾಪ್ ಹೊತ್ತು ನನ್ನ ಅಂಗಡಿಗೆ ಬಂದಳು. ಕತ್ತರಿಸಿದ ಕಾಂಡ, ರಿಬ್ಬನ್ನು ಎಲ್ಲ ಪಕ್ಕಕ್ಕೆ ಸರಿಸಿ ಮೇಜಿನ ಮೇಲಿಟ್ಟಳು.

"ಯಾರ್ದು ಯಾವ ಹೂ ಅನ್ನೋದು ಮುಚ್ಚಿಟ್ಟಿದೀನಿ. ಗಿರಾಕಿ ಥರ ನೋಡಿ ಅತ್ತಿಗೆ. ನಾನು ಬಾಯಿ ಬಿಡಲ್ಲ."

ನಾನು ಏಪ್ರನ್ನಿಗೆ ಕೈ ಒರೆಸಿಕೊಂಡು ನೋಡುತ್ತಾ ಹೋದೆ. "ಇದು ಬೇಡ. ಇದೂ ಬೇಡ. ಅಯ್ಯೋ, ಈ ಲಿಲ್ಲಿಯಂತೂ ಬೇಡವೇ ಬೇಡ."

"ಯಾಕೆ?"

"ನೋಡೆ, ಆಗ್ಲೇ ಬಾಯಿ ಕಳ್ಕೊಂಡು ನಿಂತಿದೆ. ವ್ಯಾನಲ್ಲಿ ಅಲ್ಲಾಡಿ ಅಲ್ಲಾಡಿ ಕೇಸರದ ಪುಡಿಯೆಲ್ಲ ಎಸಳಿಗೆ ಮೆತ್ಕೊಳ್ಳತ್ತೆ. ಇವತ್ತು ತಂದ್ರೆ ನಾಳೆ ಕಸದ ಬುಟ್ಟಿ. ಯಾವ ಪುಣ್ಯಾತ್ಮರದು ಇದು?"

"ಅಮ್ಮಂದು."

ನಾಲಿಗೆ ಕಚ್ಚಿಕೊಂಡೆ. ಅವಳಿಗೆ ಸಿಟ್ಟು ಬರಲಿಲ್ಲ, ಕಣ್ಣು ಅರಳಿತು. "ಹಾಗಾದ್ರೆ ನಿಮಗೆ ಎಂಥದು ಬೇಕು?"

"ಮೊಗ್ಗು ಕಣೆ! ಗಟ್ಟಿ ಮೊಗ್ಗು. ತುದೀಲಿ ಒಂಚೂರು ಬಣ್ಣ ಕಂಡ್ರೆ ಸಾಕು. ನನ್ನ ಬಕೆಟ್‌ನಲ್ಲಿ ಅರಳಬೇಕು, ಕೊಂಡವರ ಮನೇಲಿ ನಿಲ್ಲಬೇಕು."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ನೀನು ಕೇಳಿದ್ಯೇನೆ ಮಹರಾಯ್ತಿ? ಹೂವಿನಂಗಡೀಲಿ ಕೂತೋಳಿಗೆ ಇದೂ ಒಂದು ಹೇಳೋ ವಿಷಯಾನಾ?"

ಬೆಳೆಗಾರರು ಮಾಡಿದ್ದು ಇಷ್ಟೇ. ಗೇಟಿಗೆ ಬಂದವರು ಅರಳಿದ್ದನ್ನೇ ಆರಿಸುತ್ತಿದ್ದರು, ಅದಕ್ಕೇ ಅರಳಿದ್ದನ್ನೇ ಕೊಯ್ದರು, ಅದರಲ್ಲೂ ಎಲ್ಲಕ್ಕಿಂತ ದೊಡ್ಡದಾಗಿ ಅರಳಿದ್ದನ್ನು ಹುಡುಕಿ ಫೋಟೊ ತೆಗೆದರು. ಒಳ್ಳೆಯ ಹೂವು ಒಳ್ಳೆಯ ಫೋಟೊದಿಂದಲೇ ಕೆಟ್ಟಿತ್ತು.

ಅವಳು ಮನೆಗೆ ಹೋದವಳೇ ವೆಬ್‌ಸೈಟಿನಲ್ಲಿದ್ದ ಫೋಟೊಗಳನ್ನೆಲ್ಲ ಅಳಿಸಿದಳು. ಪೇಜಿನ ಮೇಲ್ಗಡೆ ಮೂರು ಚಿತ್ರ ಬರೆದಳು: ಮುಚ್ಚಿದ ಮೊಗ್ಗು, ಬಣ್ಣ ಕಂಡ ಮೊಗ್ಗು, ಅರಳಿದ ಹೂವು. ಬೆಳೆಗಾರರು ಹೂವಿನ ಹೆಸರಿಗೂ ಮೊದಲು ಈ ಮೂರರಲ್ಲಿ ಒಂದನ್ನು ಒತ್ತಬೇಕು. ಬೆಳಗಾದರೆ ಅತ್ತೆಯ ಶೆಡ್ಡಿನಲ್ಲಿ ಜನವೋ ಜನ. ನಾನೂ ಹೋಗಿದ್ದೆ, ಜಗಳ ನೋಡುವುದನ್ನು ಬಿಟ್ಟವಳಲ್ಲ ನಾನು.

"ಯಾರನ್ನ ಕೇಳಿ ನನ್ನ ಹೂವಿನ ಫೋಟೊ ಅಳಿಸಿದೆ?" ಮೀಸೆಯವರ ಮೀಸೆ ಕುಣಿಯುತ್ತಿತ್ತು.

"ಯಾರನ್ನೂ ಕೇಳಿಲ್ಲ."

"ಮೊಗ್ಗು ತೋರಿಸಿದ್ರೆ ನಾವು ಬೆಳೆದಿದ್ದು ಏನು ಅಂತ ಹೇಗಮ್ಮ ಗೊತ್ತಾಗತ್ತೆ? ಬರೀ ಕಡ್ಡಿ ಮಾರ್ತಿದಾರೆ ಅಂತಾರೆ!"

"ಅಂಗಡಿಯವರಿಗೆ ಹೂ ಗೊತ್ತು. ಎಷ್ಟು ದಿನ ಇರತ್ತೆ ಅನ್ನೋದು ಅವರಿಗೆ ಬೇಕು. ಒಂದು ವಾರ ನಾನು ಹೇಳಿದ ಹಾಗೆ ಮೊಗ್ಗಲ್ಲೇ ಕೊಯ್ದು ನೋಡಿ. ಆಗಲಿಲ್ಲ ಅಂದ್ರೆ ನಾನೇ ಇದನ್ನ ಮುಚ್ತೀನಿ."

ಅವರು ಗೊಣಗುತ್ತಲೇ ಒಪ್ಪಿದರು. ಒಪ್ಪದವರು ಅತ್ತೆ ಒಬ್ಬರೇ. "ಅರಳೋಕೆ ಮುಂಚೆ ಕೊಯ್ಯೋದಾದ್ರೆ ಬೆಳೆಯೋದು ಯಾವ ಸುಖಕ್ಕೆ? ನನ್ನ ಕೈಲಿ ಆಗಲ್ಲ. ನಿನ್ನ ಕಂಪ್ಯೂಟರ್ ಪೆಟ್ಟಿಗೆಯೊಳಗೆ ನೀನು ಏನು ಬೇಕಾದ್ರೂ ಮಾಡ್ಕೊ."

ಮಗಳು ಚಾಕು ತೆಗೆದುಕೊಂಡು ನೇರ ತೋಟಕ್ಕಿಳಿದು, ಒಂದು ತೆಕ್ಕೆ ಮೊಗ್ಗು ಕೊಯ್ದು ತಂದು, ಬಕೆಟಿನಲ್ಲಿ ನೀರು ತುಂಬಿ ಊಟದ ಮೇಜಿನ ನಡುವೆ ಇಟ್ಟಳು. "ಇವು ಅರಳದೆ ಹೋದ್ರೆ ಟ್ರ್ಯಾಕ್ಟರ್ ನಾನೇ ಓಡಿಸ್ತೀನಿ ಅಮ್ಮ."

ಅತ್ತೆ ಆ ಬಕೆಟ್ ಮನೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಓಡಾಡಿದರಂತೆ. ತಟ್ಟೆಯನ್ನು ಅದರ ಬದಿಯಲ್ಲೇ ಇಟ್ಟು ಉಂಡರಂತೆ. ಆಮೇಲೆ ಒಂದು ಬೆಳಿಗ್ಗೆ ನಾದಿನಿ ಎದ್ದು ನೋಡಿದರೆ ಬಕೆಟಿನ ತುಂಬ ಬಿಳಿ ಲಿಲ್ಲಿ ಅರಳಿದೆ, ಒಂದೇ ಒಂದು ಕಲೆಯಿಲ್ಲ, ಮುಂದೆ ಅತ್ತೆ ಕೈಕಟ್ಟಿ ಕೂತಿದ್ದಾರೆ.

"ಇನ್ಮೇಲೆ ನೀನು ಕೊಯ್ಯಬೇಡ," ಎಂದರು. "ಬುಡದ ತನಕ ಕೊಯ್ದು ಹಾಕಿದೀಯ. ಕಾಂಡದಲ್ಲಿ ಎಲೆ ಉಳಿಸದೆ ಹೋದ್ರೆ ಗೆಡ್ಡೆ ಏನು ತಿನ್ನಬೇಕು? ನಾನೇ ಕೊಯ್ತೀನಿ."

ಅಲ್ಲಿಂದ ಗುಂಡಿ ಒತ್ತುವವರು ಶುರುವಾದರು. ಮೊದಲು ಆಸ್ಪತ್ರೆ ಎದುರಿನ ಅಂಗಡಿ, ಆಮೇಲೆ ಸ್ಟೇಷನ್ ಪಕ್ಕದವರು, ಆಮೇಲೆ ನನ್ನ ಪರಮ ವೈರಿ, ಬೀದಿಯ ಆ ತುದಿಯ ಅಂಗಡಿಯಾಕೆ. ನಾನು ಬಿಡುತ್ತೇನೆಯೇ? ಗುಂಡಿ ಒತ್ತಲು ಚೌಕಾಸಿಯೇ ಬೇಡವಲ್ಲ, ನಮ್ಮವರಿಗೆ ಹೇಳದೆ ನಾನೂ ಒತ್ತಿದೆ. ಮೀಸೆಯವರು ಈಗ ಹಾಲಿನವನಿಗೆ ಮೊಗ್ಗಿನ ಫೋಟೊ ತೋರಿಸುತ್ತಾರೆ.

ತಿಂಗಳ ಕೊನೆಗೆ ತೋಟಕ್ಕೆ ಹೋಗಿದ್ದೆ. ಅತ್ತೆ ಸಂಜೆ ಹೊತ್ತು ಹಿತ್ತಲ ಮೆಟ್ಟಿಲ ಮೇಲೆ ಕೂರುವವರು. ಬೇರೆ ವರ್ಷ ಈ ಹೊತ್ತಿಗೆ ಎದುರಿಗೆಲ್ಲ ಬೆಳ್ಳಗೆ ಹರಡಿಕೊಂಡಿರುತ್ತಿತ್ತು, ವಾಸನೆ ಗೇಟಿನವರೆಗೂ ಬರುತ್ತಿತ್ತು. ಈ ಸಲ ತೋಟದ ತುಂಬ ಹಸಿರು ಮೋಟು ಕಾಂಡಗಳು. ಒಂದು ಹೂವೂ ಇಲ್ಲ. ನಾದಿನಿ ನನ್ನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದಳು. ಗೆದ್ದವಳ ಮುಖವಲ್ಲ ಅದು.

"ಅಮ್ಮ, ಒಂದು ಸಾಲಾದ್ರೂ ನಿನಗೆ ಅಂತ ಬಿಟ್ಕೋಬಹುದಿತ್ತು," ಎಂದಳು.

ಅತ್ತೆ ಅವಳ ಕಡೆ ತಿರುಗಲಿಲ್ಲ. "ಬಿಟ್ರೆ ನೋಡ್ಕೊಂಡು ಕೂತ್ಬಿಡ್ತೀನಿ ಕಣೆ," ಎಂದರು. "ಹಾಗೆ ಕೂತೇ ತೋಟ ಕಳ್ಕೊಳ್ಳೋದ್ರಲ್ಲಿದ್ದೆ."

ಆಮೇಲೆ ಅತ್ತೆ ಕಣ್ಣೊರೆಸಿಕೊಂಡು, ಟ್ರ್ಯಾಕ್ಟರಿನವನಿಗೆ ಬರಬೇಡ ಎಂದು ಬೆಳಿಗ್ಗೆಯೇ ಹೇಳಿದ್ದೇನೆಂದರು. ಮಂಡಿಗೆ ಕೈ ಊರಿ ಎದ್ದು, ಕತ್ತಲಾಗುವ ಮುಂಚೆ ಗೆಡ್ಡೆಗಳಿಗೆ ನೀರು ಬಿಡಲು ಹೋದರು.