ಆಗಲೇ ಸಿದ್ಧವಾಗಿದ್ದ ಬೈಕು

ಸರಕು ಹಡಗಿನ ಅಡುಗೆಮನೆಯಲ್ಲಿ ಎಷ್ಟೋ ವರ್ಷದಿಂದ ಅನ್ನ ಬೇಯಿಸುತ್ತಿದ್ದ ಎಲ್ಮೆರ್, ಈ ಸಲ ರಜೆಗೆ ಲಿಪಾ ಊರಿಗೆ ಬಂದವನೇ ಸ್ಪೋರ್ಟ್ಸ್ ಬೈಕೊಂದನ್ನು ಕೊಂಡ. ಸೆಕೆಂಡ್ ಹ್ಯಾಂಡ್. ತನ್ನದೇ ಬೀದಿಯ ನೆಸ್ತೋರನದು. ನೆಸ್ತೋರ್ ಡೆಂಗಿ ಜ್ವರದಲ್ಲಿ ತೀರಿಕೊಂಡು ವರ್ಷವಾಗಿರಲಿಲ್ಲ. ಬೈಕು ಮಾರಿದ್ದು ಅವನ ಅಣ್ಣ. ಗಾಡಿಯ ಮೇಲೆ ಸತ್ತವನಲ್ಲವಲ್ಲ ಎಂದು ಎಲ್ಮೆರನ ಹೆಂಡತಿ ಮರಿವಿಕ್ ಕೂಡ ಬೇಡ ಅನ್ನಲಿಲ್ಲ.

ಮತ್ತೆ ಹಡಗು ಹತ್ತುವ ಮುಂಚೆ ದ್ವೀಪದ ಉತ್ತರ ತುದಿಯ ಪಾಗುದ್‌ಪುದ್ ಕಡಲತೀರದ ತನಕ ಒಬ್ಬನೇ ಹೋಗಿಬರಬೇಕೆಂಬುದು ಎಲ್ಮೆರನ ಬಹುದಿನದ ಆಸೆ. ಬೇಕಾದ ಸಾಮಾನೆಲ್ಲ ತಂದು ಅಂಗಳದಲ್ಲಿ ಕೆಲಸಕ್ಕೆ ಕೂತ. ದಾರಿಯಲ್ಲಿ ಕ್ಲಚ್ ಕೇಬಲ್ ತುಂಡಾದರೆ ಕೈಗೆ ಸಿಗಲೆಂದು ಹೊಸದೊಂದನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಡಲು ಟ್ಯಾಂಕ್ ಎತ್ತಿದ. ಅಲ್ಲಿ ಆಗಲೇ ಒಂದು ಹೊಸ ಕೇಬಲ್ ಕಟ್ಟಿತ್ತು. ಪಂಕ್ಚರ್ ಸಾಮಾನು ಇಡಲು ಸೀಟು ಬಿಚ್ಚಿದ. ಪ್ಲಾಸ್ಟಿಕ್ ಸುತ್ತಿದ ಪಂಕ್ಚರ್ ಸಾಮಾನು ಅಲ್ಲೂ ಇತ್ತು. ಬಗ್ಗಿ ಓಡಿಸಿ ಸೊಂಟ ಹಿಡಿದೀತೆಂದು ಹ್ಯಾಂಡಲ್ ಮೇಲೆತ್ತಲು ಹೋದರೆ, ಅದನ್ನೂ ಆಗಲೇ ಎರಡು ಬೆರಳಷ್ಟು ಎತ್ತರಿಸಿಯಾಗಿತ್ತು. ತನ್ನ ಕೈ ಹೋದಲ್ಲೆಲ್ಲ ಇನ್ನೊಂದು ಕೈ ಮೊದಲೇ ಹೋಗಿಬಂದಿರುವುದನ್ನು ಕಂಡು ಎಲ್ಮೆರ್ ಸ್ಪ್ಯಾನರ್ ಕೆಳಗಿಟ್ಟ.

"ನೆಸ್ತೋರ್ ಎಲ್ಲಿಗಾದ್ರೂ ಹೊರಟಿದ್ನಾ?" ಎಂದು ಹೆಂಡತಿಯನ್ನು ಕೇಳಿದ.

ಮರಿವಿಕ್ ಒಗೆದ ಬಟ್ಟೆ ಹಿಂಡುತ್ತಲೇ ಇದ್ದಳು. "ಪಾಗುದ್‌ಪುದ್‌ಗೆ. ಹೊರಡೋ ಹಿಂದಿನ ದಿನ ಜ್ವರ ಬಂತು. ಹೇಳಿದ್ರೆ ನೀನು ಆಸೆ ಬಿಟ್ಬಿಡ್ತೀಯ ಅಂತ ಸುಮ್ನಿದ್ದೆ."

ಅಂದಿನಿಂದ ಬೈಕಿನ ಮೇಲೆ ಕೂತರೆ ಯಾರದೋ ಜಾಗದಲ್ಲಿ ಕೂತಂತಾಗುತ್ತಿತ್ತು. ಬೀದಿಯಲ್ಲಿ ಹೋದರೆ ಜನ ಕೈ ಎತ್ತುವರು. ಹೆಲ್ಮೆಟ್ಟಿನೊಳಗಿನ ಮುಖ ಕಾಣುತ್ತಲೇ ಎತ್ತಿದ ಕೈ ಅರ್ಧಕ್ಕೇ ಇಳಿಯುವುದು.

ಒಂದು ಮಧ್ಯಾಹ್ನ ನೆಸ್ತೋರನ ತಾಯಿ ಪುರಿಂಗಮ್ಮ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ ಕಡುಬು ಹಿಡಿದು ಬಂದಳು. ಬೈಕಿನ ಕಡೆ ನೋಡಲಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಮಗಾ. ನೀನು ಹಾದುಹೋದಾಗೆಲ್ಲ ಆ ಸದ್ದಿಗೆ ನಾನು ಗೇಟು ತೆಗೆಯೋಕೆ ಏಳ್ತೀನಿ. ಮಂಡಿ ನೋವು. ಅಲ್ಲಿ ತನಕ ಹೋದ್ಮೇಲೆ ನೆನಪಾಗತ್ತೆ."

ಎಲ್ಮೆರ್ ಅವತ್ತೇ ಹೋಗಿ, ನೆಸ್ತೋರ್ ಹಾಕಿಸಿದ್ದ ಜೋರು ಸದ್ದಿನ ಸೈಲೆನ್ಸರ್ ಕಳಚಿಸಿ ಮೆತ್ತಗಿನದನ್ನು ಹಾಕಿಸಿಕೊಂಡು ಬಂದ.

ಹೊರಡುವ ಬೆಳಿಗ್ಗೆ ಅವಳ ಮನೆಗೆ ಹೋಗಿ, ಅವಳ ಕೈಯನ್ನು ಹಣೆಗೊತ್ತಿಕೊಂಡು ಆಶೀರ್ವಾದ ಬೇಡಿದ. ಪುರಿಂಗಮ್ಮ ಕೈಯನ್ನು ಬೇಗ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಯಾವಾಗ ಬರ್ತೀಯ ಅಂತ ಮಾತ್ರ ನಂಗೆ ಹೇಳ್ಬೇಡ. ಹೇಳಿದ್ರೆ ಕಾಯ್ತೀನಿ."

"ಹೇಳಲ್ಲ ನಾನಾಯ್" ಎಂದ. ಹೆತ್ತ ತಾಯಿಯನ್ನೂ ಅವನು ಹಾಗೆಯೇ ಕರೆಯುತ್ತಿದ್ದದ್ದು.

ದಾರಿಯಲ್ಲಿ ಏನೂ ಕೆಡಲಿಲ್ಲ. ಸೊಂಟ ಹಿಡಿಯಲಿಲ್ಲ, ಗಾಳಿ ಇಳಿಯಲಿಲ್ಲ. ಅಷ್ಟೊಂದು ಸಲೀಸಾಗಿ ಸಾಗಿದ್ದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಮರುದಿನ ನಸುಕಿನಲ್ಲಿ ಪಾಗುದ್‌ಪುದ್ ತಲುಪಿದಾಗ ಅಲೆಗಳು ಜೋರಾಗಿದ್ದವು. ಬೈಕನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿ ಹೆಲ್ಮೆಟ್ಟನ್ನು ಸೀಟಿನ ಮೇಲಿಟ್ಟ. ಫೋಟೋ ತೆಗೆಯಲೆಂದು ಮೊಬೈಲ್ ಹೊರತೆಗೆದವನು ಮತ್ತೆ ಜೇಬಿಗಿಟ್ಟುಕೊಂಡ. ನೆಸ್ತೋರನೂ ಕಡಲೂ ಮಾತಾಡಿಕೊಳ್ಳಲೆಂದು ಎದ್ದು ಹೋಗುವವನಂತೆ ಸದ್ದಿಲ್ಲದೆ ದೂರ ನಡೆದು, ಬಿಸಿಲೇರುವ ತನಕ ಮರಳಿನಲ್ಲಿ ಬೈಕಿಗೆ ಬೆನ್ನು ತಿರುಗಿಸಿ ಕೂತಿದ್ದ.